ವ್ಯಾಪಾರಕ್ಕೆ ಬೇಕಾದ ಸಾಮಾನ್ಯ ವಿವೇಕ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆ ನಮಗೆ ಪರಿಚಯದ ಒಂದು ದಿನಸಿ ಅಂಗಡಿ ಇದೆ. ಅಂಗಡಿಯ ಹೆಸರಾಗಲಿ, ಮಾಲೀಕರ ಹೆಸರಾಗಲಿ ಇಲ್ಲಿ ಮುಖ್ಯವಲ್ಲ. ಕೆಲವು ವರ್ಷಗಳ ಹಿಂದೆ ಅದರ ವ್ಯಾಪಾರ ಇದ್ದಕ್ಕಿದ್ದಂತೆ ಇಳಿಯತೊಡಗಿತು. ಮಾಲೀಕರು ಅನುಭವಸ್ಥರು. ಜನ ಈಗ ಬಸ್ಸು ಹತ್ತಿ ಹೊಸದುರ್ಗಕ್ಕೇ ಹೋಗುತ್ತಾರೆ, ಕಾಲ ಬದಲಾಗಿದೆ, ಅಂಗಡಿ ಹಳೆಯದಾಗಿ ಕಾಣುತ್ತಿದೆ ಎಂದು ಅವರು ಕಾರಣಗಳನ್ನು ಪಟ್ಟಿ ಮಾಡಿದರು. ಹೊಸ ಬೋರ್ಡು, ಗಾಜಿನ ಬೀರು, ಬಣ್ಣದ ದೀಪ, ಸಾಧ್ಯವಾದರೆ ಸಾಲ ಮಾಡಿ ಒಂದು ದೊಡ್ಡ ಫ್ರಿಜ್ಜು, ಹೀಗೆ ಪರಿಹಾರದ ಪಟ್ಟಿಯೂ ತಯಾರಾಯಿತು. ಅಲ್ಲೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ನಾವೂ ಸುಮ್ಮನಿರಲಿಲ್ಲ. ಓದಿದವರೆಂಬ ಹಮ್ಮಿನಲ್ಲಿ ಪಟ್ಟಿಗೆ ಇನ್ನೆರಡು ಸೇರಿಸಿದೆವು.

ಮೂಟೆ ಹೊರುವ ಕೆಲಸದ ಹಿರಿಯರೊಬ್ಬರು ಆ ಅಂಗಡಿಯಲ್ಲಿದ್ದರು. ಅವರು ಬೀಡಿ ಹಚ್ಚಿಕೊಳ್ಳುತ್ತಾ, "ಅಜ್ಜಿಯರಿಗೆ ಹತ್ತೋಕೆ ಆಗ್ತಿಲ್ಲ ಸಾಹೇಬ್ರೇ" ಎಂದರು. ನಾವೆಲ್ಲ ತಿರುಗಿ ನೋಡಿದೆವು. ಅಂಗಡಿಯ ಮುಂದೆ ಹೊಸದಾಗಿ ಚರಂಡಿ ಮಾಡಿದ್ದರು. ಅದಕ್ಕಾಗಿ ಅಗೆದಾಗ ಹಳೆಯ ಮೆಟ್ಟಿಲು ಹೋಗಿತ್ತು. ಈಗ ಒಳಗೆ ಬರಬೇಕಾದರೆ ಮೊಣಕಾಲಿನೆತ್ತರಕ್ಕೆ ಕಾಲು ಎತ್ತಬೇಕು. ಪಿಂಚಣಿ ಹಣ ಕೈಗೆ ಬಂದ ದಿನ ತಿಂಗಳ ಸಾಮಾನು ಒಯ್ಯುತ್ತಿದ್ದವರು ಮುಖ್ಯವಾಗಿ ವಯಸ್ಸಾದ ಹೆಂಗಸರು. ಅವರು ದೂರು ಹೇಳಲಿಲ್ಲ, ಜಗಳ ಆಡಲಿಲ್ಲ. ಸುಮ್ಮನೆ ಬೇರೆ ಅಂಗಡಿಗೆ ಹೋದರು. ಎರಡು ಕಲ್ಲುಚಪ್ಪಡಿ ತಂದು ಹಾಕಿದ ಮೇಲೆ ಎಲ್ಲರೂ ಅಲ್ಲದಿದ್ದರೂ ಹಲವರು ಮರಳಿ ಬಂದರು. ಬೋರ್ಡಿಗೆ ತಗಲುತ್ತಿದ್ದ ಖರ್ಚಿನ ಒಂದು ಚೂರೂ ಅದಕ್ಕೆ ಆಗಲಿಲ್ಲ.

ಇಷ್ಟೇ ಆಗಿದ್ದರೆ ಇದೊಂದು ಸಣ್ಣ ತಮಾಷೆಯ ಪ್ರಸಂಗವಾಗಿ ಮರೆತುಹೋಗುತ್ತಿತ್ತು. ಆದರೆ ಅನಂತರ ಮಾಲೀಕರು ಆ ಹಿರಿಯರನ್ನು, "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ಅವರು ಕೊಟ್ಟ ಉತ್ತರ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. "ನನ್ನನ್ನ ಯಾರು ಕೇಳಿದ್ರು?" ಎಂದರು ಅವರು.

ವ್ಯಾಪಾರದ ಸಮಸ್ಯೆಗಳಿಗೆ ಸಾಮಾನ್ಯ ವಿವೇಕವೇ ಸಾಕು ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಆ ಮಾತಿನಲ್ಲಿ ಸತ್ಯವೂ ಇದೆ. ಆದರೆ ಆ ವಿವೇಕ ಅಷ್ಟು ಸಾಮಾನ್ಯವಾಗಿದ್ದರೆ, ಅದು ಎಲ್ಲರ ಬಳಿಯೂ ಇದ್ದರೆ, ಅಂಗಡಿಗಳು ಏಕೆ ಮುಚ್ಚುತ್ತವೆ? ಸಾಲಗಳು ಏಕೆ ಮುಳುಗುತ್ತವೆ? ಕಣ್ಣೆದುರಿನ ಮೆಟ್ಟಿಲು ಏಕೆ ಕಾಣುವುದಿಲ್ಲ? ಇದು ಬುದ್ಧಿಯ ಪ್ರಶ್ನೆಯೋ, ನೀತಿಯ ಪ್ರಶ್ನೆಯೋ? ಈ ಬಗ್ಗೆ ಸ್ವಲ್ಪ ಸಾವಧಾನವಾಗಿ ಯೋಚಿಸಬೇಕೆನಿಸುತ್ತದೆ.

ಎರಡು ಬಗೆಯ ಅರಿವು

ನಮ್ಮಲ್ಲಿ 'ಸಾಮಾನ್ಯ ಜ್ಞಾನ' ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯ ಎಂದಾಗಿಬಿಟ್ಟಿದೆ. ಯಾವ ದೇಶದ ರಾಜಧಾನಿ ಯಾವುದು, ಯಾವ ನದಿ ಎಲ್ಲಿ ಹುಟ್ಟುತ್ತದೆ, ಇತ್ಯಾದಿ. ಹಳ್ಳಿಯ ಹಿರಿಯರು ಬಳಸುತ್ತಿದ್ದ ಮಾತು ಬೇರೆ. 'ಅವನಿಗೆ ಓದಿದೆ, ಲೋಕಜ್ಞಾನ ಇಲ್ಲ' ಎನ್ನುತ್ತಿದ್ದರು. ಈ ಲೋಕಜ್ಞಾನ ಪುಸ್ತಕದಿಂದ ಬರುವುದಲ್ಲ. ಎದುರಿಗಿರುವ ಮನುಷ್ಯನ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡುವುದರಿಂದ ಬರುತ್ತದೆ.

ವ್ಯವಹಾರದಲ್ಲಿ ಜಾಣತನ ಮತ್ತು ವಿವೇಕ ಎರಡೂ ಬೇಕು ಎನ್ನುತ್ತೇವೆ. ಆದರೆ ಇವೆರಡರ ನಡುವೆ ವ್ಯತ್ಯಾಸವಿದೆ. 'ಇದರಲ್ಲಿ ನನಗೇನು?' ಎನ್ನುವುದು ಜಾಣತನದ ಪ್ರಶ್ನೆ. 'ಇಲ್ಲಿ ನಿಜವಾಗಿ ಏನಾಗುತ್ತಿದೆ?' ಎನ್ನುವುದು ವಿವೇಕದ ಪ್ರಶ್ನೆ. ಮೊದಲ ಪ್ರಶ್ನೆ ಕೇಳಿದವನ ಕಣ್ಣಿಗೆ ತನ್ನ ಲಾಭ ಮಾತ್ರ ಬೀಳುತ್ತದೆ. ಎರಡನೆಯದನ್ನು ಕೇಳಿದವನಿಗೆ ತನ್ನ ಜೊತೆ ಇತರರೂ ಕಾಣುತ್ತಾರೆ. ಆಶ್ಚರ್ಯವೆಂದರೆ, ದೀರ್ಘಕಾಲದಲ್ಲಿ ವ್ಯಾಪಾರವನ್ನು ಉಳಿಸುವುದು ಹೆಚ್ಚಾಗಿ ಎರಡನೆಯ ಪ್ರಶ್ನೆಯೇ. ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಗಳಿವೆ.

ಎರಡಾಣೆಯ ಪಾಠ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಡುಪಿಯ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. ಸಣ್ಣ ವ್ಯಾಪಾರಿಗೆ, ರೈತನಿಗೆ ಹಣ ಬೇಕಾದರೆ ಲೇವಾದೇವಿಯವನೇ ಗತಿ. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅದನ್ನು ಇಡಲು ನಂಬಿಕೆಯ ಜಾಗವಿಲ್ಲ. ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಅವರು ಊರಿನ ಕೆಲವು ಗಣ್ಯರನ್ನು ಸೇರಿಸಿ 1906ರ ಮಾರ್ಚ್ 12ರಂದು 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್' ಆರಂಭಿಸಿದರು. ಬಂಡವಾಳ ಐದು ಸಾವಿರ ರೂಪಾಯಿ. ಮೊದಲ ದಿನ ಸಂಗ್ರಹವಾದದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಗಿ ದೇಶದೆಲ್ಲೆಡೆ ಬೆಳೆಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮೊದಲ ದಿನದ ಲೆಕ್ಕದಲ್ಲಿ ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟದ್ದನ್ನು ಗಮನಿಸಬೇಕು. ಚಿಕ್ಕವನ ಚಿಕ್ಕ ಹಣವೂ ಹಣವೇ ಎಂಬ ಗೌರವ ಅಲ್ಲಿತ್ತು.

ಅದೇ ಉಡುಪಿಯಲ್ಲಿ 1925ರಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ, ಈ ಮೂವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಅದನ್ನು ಸ್ಥಾಪಿಸಿದರು. ಮುಂದೆ ಅದು ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರಲ್ಲಿ ಅದೂ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿದೆ.

ಯಾವುದೇ ಬ್ಯಾಂಕಿಗೆ ಠೇವಣಿ ಬೇಕು. ದೊಡ್ಡವರ ಠೇವಣಿಗೆ ಪೈಪೋಟಿ ಇರುತ್ತದೆ. ಬಡವರ ಬಳಿ ಹಣವಿಲ್ಲ ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಆದರೆ ಅದು ನಿಜವೇ? ಮೀನು ಮಾರುವ ಹೆಂಗಸಿನ ಕೈಯಲ್ಲಿ, ಬೀಡಿ ಕಟ್ಟುವವರ ಕೈಯಲ್ಲಿ, ಹೂವಾಡಗಿತ್ತಿಯ ಕೈಯಲ್ಲಿ ದಿನವೂ ಸಂಜೆ ಒಂದಿಷ್ಟು ಕಾಸು ಇರುತ್ತದೆ. ಬೆಳಿಗ್ಗೆ ಅದು ಇರುವುದಿಲ್ಲ. ಆಕೆ ಬ್ಯಾಂಕಿಗೆ ಬರಬೇಕೆಂದರೆ ಅರ್ಧ ದಿನದ ದುಡಿಮೆ ಹೋಗುತ್ತದೆ, ಫಾರಂ ತುಂಬಲು ಬರುವುದಿಲ್ಲ, ಒಳಗೆ ಕಾಲಿಡಲು ಅಂಜಿಕೆ. ಆಕೆಯ ಕಷ್ಟ ಹಣವಿಲ್ಲದ್ದಲ್ಲ, ಬ್ಯಾಂಕು ದೂರವಿದ್ದದ್ದು. ಈ ಸರಳ ಸತ್ಯವನ್ನು ಕಂಡುಕೊಂಡವರು 1928ರಲ್ಲಿ 'ಪಿಗ್ಮಿ' ಠೇವಣಿಯನ್ನು ತಂದರು. ಬ್ಯಾಂಕಿನ ಏಜೆಂಟನೇ ದಿನವೂ ಮನೆ ಬಾಗಿಲಿಗೆ, ಅಂಗಡಿ ಮುಂಗಟ್ಟಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುವ ವ್ಯವಸ್ಥೆ ಇದು. 'ಪಿಗ್ಮಿ' ಎಂಬುದು ಕನ್ನಡದ್ದೇ ಮಾತೇನೋ ಎನ್ನುವಷ್ಟು ನಮ್ಮ ಸಂತೆ ಪೇಟೆಗಳಲ್ಲಿ ಬಳಕೆಯಾಗಿದೆ. ಹೊಸದುರ್ಗದ ಬೀದಿಯ ತರಕಾರಿ ಅಂಗಡಿಯವರಿಗೂ ಅದರ ಅರ್ಥ ಹೇಳಬೇಕಾಗಿಲ್ಲ.

ಇದರಲ್ಲಿ ಯಾವ ದೊಡ್ಡ ಸಿದ್ಧಾಂತವಿತ್ತು? ಏನೂ ಇಲ್ಲ. ಗಿರಾಕಿ ಬಾರದಿದ್ದರೆ ನಾವು ಹೋಗೋಣ ಎಂಬುದಷ್ಟೇ. ಆದರೆ ಈ ಮಾತು ಹೊಳೆಯಬೇಕಾದರೆ ಮೊದಲು ಮೀನು ಮಾರುವ ಹೆಂಗಸನ್ನು ಗಿರಾಕಿ ಎಂದು ಒಪ್ಪಿಕೊಳ್ಳುವ ಮನಸ್ಸು ಬೇಕು. ಅವಳ ದಿನ ಹೇಗೆ ಕಳೆಯುತ್ತದೆಂದು ತಿಳಿಯುವ ಆಸ್ಥೆ ಬೇಕು. ಬುದ್ಧಿ ಆಮೇಲೆ ಬಂತು, ಮೊದಲು ಬಂದದ್ದು ಗೌರವ.

ಹಿಟ್ಟಿನ ಚೀಲದಲ್ಲಿ ಸಿಕ್ಕ ದಾರಿ

ಇನ್ನೊಂದು ಉದಾಹರಣೆ ಬೆಂಗಳೂರಿನ ಹೋಟೆಲೊಂದರದು. 1924ರಲ್ಲಿ ಆರಂಭವಾದ ಈ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಎಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆಯಿತೆಂದೂ ಇಂದು ಎಲ್ಲೆಡೆ ಸಿಗುವ ರವೆ ಇಡ್ಲಿ ಹಾಗೆ ಹುಟ್ಟಿತೆಂದೂ ಆ ಸಂಸ್ಥೆ ಹೇಳಿಕೊಂಡು ಬಂದಿದೆ. ಇಲ್ಲದ ಅಕ್ಕಿಗಾಗಿ ಅಳುವ ಬದಲು ಇರುವ ರವೆಯನ್ನು ನೋಡುವುದೂ ಒಂದು ವಿವೇಕವೇ.

1975ರಲ್ಲಿ ತುರ್ತುಪರಿಸ್ಥಿತಿ ಬಂತು. ಹೋಟೆಲ್ ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿತು. ಆ ದರಕ್ಕೆ ಮಾರಿದರೆ ನಷ್ಟ. ಹೋಟೆಲಿನವರ ಮುಂದೆ ಸುಲಭದ ದಾರಿಯೊಂದಿತ್ತು. ತುಪ್ಪ ಕಡಿಮೆ ಮಾಡಬಹುದು, ಬೇಳೆಯ ಗುಣಮಟ್ಟ ಇಳಿಸಬಹುದು, ತಟ್ಟೆಯನ್ನು ಚಿಕ್ಕದು ಮಾಡಬಹುದು. ಜಾಣತನ ಹೇಳುವುದು ಇದನ್ನೇ. ಅವರು ಆ ದಾರಿ ಹಿಡಿಯಲಿಲ್ಲ. ಹೋಟೆಲನ್ನು ಮುಚ್ಚಿ, ತಮ್ಮ ತಿಂಡಿಗಳ ಹಿಟ್ಟು ಮಸಾಲೆಗಳನ್ನು ಪೊಟ್ಟಣ ಕಟ್ಟಿ ಮಾರುವ ಕೆಲಸಕ್ಕೆ ಹೆಚ್ಚಿನ ಒತ್ತು ಕೊಟ್ಟರು. ಆ ಪೊಟ್ಟಣದ ವ್ಯಾಪಾರವೇ ಮುಂದೆ ಹೋಟೆಲಿಗಿಂತ ದೊಡ್ಡದಾಗಿ ಬೆಳೆಯಿತು. ನಮ್ಮ ಬಳಿ ನಿಜವಾಗಿ ಏನಿದೆ? ಕುರ್ಚಿ ಮೇಜುಗಳೋ, ರುಚಿಯೋ? ರುಚಿ ಎಂದಾದರೆ ಅದನ್ನು ಕೆಡಿಸಬಾರದು, ಬೇಕಾದರೆ ಕುರ್ಚಿ ಮೇಜುಗಳನ್ನು ಬಿಡಬಹುದು. ಒಬ್ಬ ಗೃಹಿಣಿಗೂ ಅರ್ಥವಾಗುವ ತರ್ಕವಿದು. ಆದರೂ ನಷ್ಟದ ದಿನಗಳಲ್ಲಿ ಈ ತರ್ಕಕ್ಕೆ ಅಂಟಿಕೊಂಡು ನಿಲ್ಲಲು ಗುಂಡಿಗೆ ಬೇಕು.

ಒದ್ದೆ ಧಾನ್ಯ ಮೇಲಿರಲಿ

ಪ್ರವಾದಿ ಮುಹಮ್ಮದ್(ಸ)ರ ಬಗ್ಗೆ ಹದೀಸ್ ಗ್ರಂಥಗಳಲ್ಲಿ ಬರುವ ಒಂದು ಪ್ರಸಂಗ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತಿರಬಹುದು. ಅವರು ಮಾರುಕಟ್ಟೆಯಲ್ಲಿ ಹೋಗುತ್ತಿದ್ದಾಗ ಧಾನ್ಯದ ರಾಶಿಯೊಂದರಲ್ಲಿ ಕೈ ತೂರಿಸಿದರು. ಮೇಲೆ ಒಣಗಿದ್ದ ರಾಶಿಯ ಒಳಗೆ ಬೆರಳಿಗೆ ಒದ್ದೆ ತಾಗಿತು. ಕೇಳಿದಾಗ ವ್ಯಾಪಾರಿ ಮಳೆಗೆ ನೆನೆಯಿತೆಂದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೇ ಇಡಬಾರದಿತ್ತೇ ಎಂದು ಪ್ರವಾದಿಯವರು ಕೇಳಿದರು, ವಂಚಿಸುವವನು ನಮ್ಮವನಲ್ಲ ಎಂಬ ಕಟು ಎಚ್ಚರಿಕೆಯನ್ನೂ ಕೊಟ್ಟರು.

ಇದನ್ನು ನಾವು ಸಾಮಾನ್ಯವಾಗಿ ಪ್ರಾಮಾಣಿಕತೆಯ ಉಪದೇಶವೆಂದು ಓದುತ್ತೇವೆ. ಅದು ಹೌದು. ಆದರೆ ಅದರಲ್ಲಿ ವ್ಯಾಪಾರದ ಒಂದು ಸಮಸ್ಯೆಗೆ ಸರಳ ಪರಿಹಾರವೂ ಇದೆ ಎಂಬುದನ್ನು ಗಮನಿಸುವುದಿಲ್ಲ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಧಾನ್ಯ ನೆನೆದದ್ದು ಅವನ ನಷ್ಟ. ನೆನೆದದ್ದನ್ನು ಮೇಲಿಟ್ಟರೆ ಏನಾಗುತ್ತದೆ? ಗಾಳಿ ಬಿಸಿಲಿಗೆ ಅದು ಒಣಗುತ್ತದೆ. ಈ ದಿನವೇ ಅಡುಗೆಗೆ ಬೇಕಾದವನು ಸ್ವಲ್ಪ ಕಡಿಮೆ ದರಕ್ಕೆ ಅದನ್ನು ಕೊಳ್ಳುತ್ತಾನೆ. ಕೆಳಗಿನ ಒಣ ಧಾನ್ಯ ಹಾಳಾಗದೆ ಉಳಿಯುತ್ತದೆ. ಒಳಗೆ ಬಚ್ಚಿಟ್ಟರೆ? ತೇವ ಇಡೀ ರಾಶಿಗೆ ಹರಡಿ ಮುಗ್ಗಲು ಹಿಡಿಯುತ್ತದೆ. ಮರುದಿನ ಗಿರಾಕಿ ಜಗಳಕ್ಕೆ ಬರುತ್ತಾನೆ ಅಥವಾ ಬರುವುದೇ ಇಲ್ಲ.

ಅಂದರೆ ಸತ್ಯ ಹೇಳುವುದು ಮತ್ತು ಸರಿಯಾಗಿ ಲೆಕ್ಕ ಹಾಕುವುದು ಇಲ್ಲಿ ಬೇರೆ ಬೇರೆ ಕೆಲಸಗಳಲ್ಲ. ಸಮಸ್ಯೆಯನ್ನು ಮುಚ್ಚಿಟ್ಟವನು ಮೊದಲು ಗಿರಾಕಿಯಿಂದ ಮುಚ್ಚಿಡುತ್ತಾನೆ, ಆಮೇಲೆ ಪಾಲುದಾರನಿಂದ, ಕೊನೆಗೆ ತನ್ನಿಂದಲೇ ಮುಚ್ಚಿಡುತ್ತಾನೆ. ದಿವಾಳಿಯಾದ ಎಷ್ಟೋ ವ್ಯಾಪಾರಗಳ ಹಿಂದೆ ಬುದ್ಧಿಯ ಕೊರತೆಗಿಂತ ಹೆಚ್ಚಾಗಿ ಇರುವುದು ಈ ಬಚ್ಚಿಡುವ ಅಭ್ಯಾಸ. ಸಾಲದ ಪುಸ್ತಕ ತೆರೆದು ನೋಡಲು ಭಯ. ಕೆಟ್ಟ ಸರಕು ಬಂತೆಂದು ಒಪ್ಪಲು ನಾಚಿಕೆ. ಮಗನಿಗೆ ಈ ಕೆಲಸ ಒಗ್ಗುವುದಿಲ್ಲ ಎಂದು ಹೇಳಲು ಸಂಕೋಚ. ವಿವೇಕ ಕೆಲಸ ಮಾಡಬೇಕಾದರೆ ಒದ್ದೆ ಧಾನ್ಯ ಮೇಲೆ ಬರಲೇಬೇಕು.

ವಿವೇಕಕ್ಕೂ ಉಸಿರಾಡಲು ಜಾಗ ಬೇಕು

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಎದುರಿಸಬೇಕು. ವಿವೇಕ ಇದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಬಡವನಿಗೆ ಬುದ್ಧಿ ಹೇಳುವುದು ಬಹಳ ಸುಲಭ. ಮಾಡದಕೆರೆ ಹೋಬಳಿಯ ತೆಂಗು ಬೆಳೆಗಾರನನ್ನೇ ತೆಗೆದುಕೊಳ್ಳಿ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚು ಕಡಿಮೆ ಒಂದು ವರ್ಷದವರೆಗೆ ಇಡಬೇಕು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಗಟಗಟ ಸದ್ದು ಮಾಡುವವರೆಗೆ ಕಾಯಬೇಕು. ಕಾಯುವುದೇ ಈ ವ್ಯಾಪಾರದ ಬಂಡವಾಳ. ಈ ಸೀಮೆಯವರೆಲ್ಲ ದರಕ್ಕಾಗಿ ನೋಡುವುದು ತಿಪಟೂರು ಮಾರುಕಟ್ಟೆಯ ಕಡೆಗೆ.

2023ರಲ್ಲಿ ಅಲ್ಲಿ ಉಂಡೆ ಕೊಬ್ಬರಿಯ ದರ ಕ್ವಿಂಟಾಲಿಗೆ ಎಂಟು ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. ಆ ವರ್ಷ ಕೇಂದ್ರ ಸರ್ಕಾರದ ಬೆಂಬಲ ಬೆಲೆಯೇ 11,750 ರೂಪಾಯಿ ಇತ್ತು. ಎರಡೇ ವರ್ಷದಲ್ಲಿ, 2025ರಲ್ಲಿ, ಅದೇ ಮಾರುಕಟ್ಟೆಯಲ್ಲಿ ದರ 25 ಸಾವಿರವನ್ನು ದಾಟಿತು. ಅಟ್ಟದಲ್ಲಿ ಸರಕು ಇಟ್ಟುಕೊಂಡು ಕಾದವನು ಬುದ್ಧಿವಂತ, ಮಾರಿದವನು ದಡ್ಡ ಎಂದು ಈಗ ಹೇಳಬಹುದೇ? ಮಾರಿದವನಿಗೂ ಕಾಯಬೇಕೆಂದು ಗೊತ್ತಿತ್ತು. ಆದರೆ ಮಗಳ ಮದುವೆ ಕಾಯುವುದಿಲ್ಲ, ಆಸ್ಪತ್ರೆಯ ಬಿಲ್ಲು ಕಾಯುವುದಿಲ್ಲ, ಸಾಲದ ಕಂತಂತೂ ಕಾಯುವುದೇ ಇಲ್ಲ. ವರ್ತಕನಿಂದ ಮೊದಲೇ ಮುಂಗಡ ತೆಗೆದುಕೊಂಡಿದ್ದರೆ ಆತ ಹೇಳಿದ ದರಕ್ಕೇ ಕೊಡಬೇಕು. ಇಂಥವನಿಗೆ ವಿವೇಕದ ಕೊರತೆ ಇಲ್ಲ, ಅದನ್ನು ಬಳಸಲು ಅವಕಾಶವಿಲ್ಲ.

ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ 1976ರಲ್ಲಿ ಚಿತ್ತಗಾಂಗಿನ ಬಳಿಯ ಜೋಬ್ರಾ ಗ್ರಾಮದಲ್ಲಿ ಕಂಡದ್ದೂ ಇದನ್ನೇ. ಬಿದಿರಿನ ಮೊಡ್ಡ ಹೆಣೆಯುವ ಹೆಂಗಸು ಬಿದಿರು ಕೊಳ್ಳಲು ವರ್ತಕನಿಂದ ಹಣ ಪಡೆಯುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಮೊಡ್ಡವನ್ನು ಅವನಿಗೇ, ಅವನು ಹೇಳಿದ ಬೆಲೆಗೇ ಮಾರಬೇಕಿತ್ತು. ಅವಳ ಕೌಶಲ ಅವಳದಾಗಿದ್ದರೂ ಲಾಭ ಅವಳದಾಗಿರಲಿಲ್ಲ. ಅಂಥ 42 ಮಂದಿಗೆ ಬೇಕಾಗಿದ್ದ ಒಟ್ಟು ಹಣ 27 ಡಾಲರ್. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಯೂನುಸ್ ಅದನ್ನು ಸ್ವಂತ ಜೇಬಿನಿಂದ ಕೊಟ್ಟರು. ಬಡವರು ಸಾಲ ತೀರಿಸುವುದಿಲ್ಲ ಎಂಬುದು ಬ್ಯಾಂಕುಗಳ 'ಸಾಮಾನ್ಯ ಜ್ಞಾನ'ವಾಗಿತ್ತು. ಆದರೆ ಆ ಜನ ಸಾಲ ತೀರಿಸಿದರು. 1983ರಲ್ಲಿ ಗ್ರಾಮೀಣ ಬ್ಯಾಂಕ್ ಸ್ಥಾಪನೆಯಾಯಿತು. 2006ರಲ್ಲಿ ಯೂನುಸ್ ಮತ್ತು ಆ ಬ್ಯಾಂಕಿಗೆ ನೊಬೆಲ್ ಶಾಂತಿ ಪುರಸ್ಕಾರ ಬಂತು.

ಇಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಎಲ್ಲರೂ ಒಪ್ಪಿದ್ದೆಲ್ಲ ವಿವೇಕವಲ್ಲ. ಎಷ್ಟೋ ಸಲ ಅದು ಪರೀಕ್ಷೆಗೆ ಒಳಗಾಗದ ಪೂರ್ವಗ್ರಹ. ಹೆಂಗಸರಿಗೆ ಲೆಕ್ಕ ತಿಳಿಯದು, ಇಂಥ ಜಾತಿಯವರು ನಂಬಿಕಸ್ಥರಲ್ಲ, ಆ ಮತದವರ ಅಂಗಡಿಗೆ ಹೋಗಬಾರದು ಎಂಬ ಮಾತುಗಳೂ 'ಎಲ್ಲರಿಗೂ ಗೊತ್ತಿರುವ ಸತ್ಯ'ದ ವೇಷದಲ್ಲೇ ಬರುತ್ತವೆ. ಎರಡನೆಯದು, ಒಳ್ಳೆಯ ವಿವೇಕವೂ ದುರಾಸೆಯ ಕೈಗೆ ಸಿಕ್ಕರೆ ಕೆಡುತ್ತದೆ. ಬಡವರು ಸಾಲ ತೀರಿಸುತ್ತಾರೆ ಎಂದು ಗೊತ್ತಾದ ಮೇಲೆ ಅದನ್ನೇ ವ್ಯಾಪಾರ ಮಾಡಿಕೊಂಡವರು ಬಂದರು. ಒಂದೇ ಮನೆಗೆ ನಾಲ್ಕಾರು ಸಾಲ ಕೊಟ್ಟರು. ಒಂದನ್ನು ತೀರಿಸಲು ಇನ್ನೊಂದು ಎಂಬ ಸ್ಥಿತಿ ಬಂತು. ವಸೂಲಿಯ ಕಿರುಕುಳ ತಾಳಲಾರದೆ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಸಾಲಾಗಿ ಬಂದವು. ಕೊನೆಗೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಎರಡಾಣೆ ಸಂಗ್ರಹಿಸಲು ಬಾಗಿಲಿಗೆ ಬಂದ ಏಜೆಂಟನೂ ಕಂತು ವಸೂಲಿಗೆ ಬಾಗಿಲಲ್ಲಿ ಕುಳಿತ ಏಜೆಂಟನೂ ನಡೆದದ್ದು ಒಂದೇ ದಾರಿಯಲ್ಲಿ. ಮೊದಲನೆಯವನ ಹಿಂದೆ ಆ ಮನೆಯವರ ಬದುಕಿನ ಬಗ್ಗೆ ಒಂದು ತಿಳುವಳಿಕೆ ಇತ್ತು. ಎರಡನೆಯವನ ಹಿಂದೆ ಇದ್ದದ್ದು ವಸೂಲಿಯ ಗುರಿ ಮಾತ್ರ. ಉಪಾಯ ಒಂದೇ ಆದರೂ ಅದನ್ನು ಹಿಡಿದ ಕೈ ಯಾವುದೆಂಬುದು ಮುಖ್ಯವಾಗುತ್ತದೆ.

ಒಬ್ಬನ ವಿವೇಕ, ಊರಿನ ಅವಿವೇಕ

ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ ಇದೆ. ಪ್ರತಿಯೊಬ್ಬನೂ ವಿವೇಕದಿಂದಲೇ ನಡೆದುಕೊಂಡರೂ ಒಟ್ಟಿನಲ್ಲಿ ಅವಿವೇಕವಾಗಬಹುದೇ? ಆಗಬಹುದು. ಚಿತ್ರದುರ್ಗ ಜಿಲ್ಲೆಯ ಕೊಳವೆ ಬಾವಿಗಳೇ ಅದಕ್ಕೆ ಸಾಕ್ಷಿ. ನನ್ನ ತೋಟ ಒಣಗುತ್ತಿದೆ, ಇನ್ನೂ ಆಳಕ್ಕೆ ಕೊರೆಸಿದರೆ ನೀರು ಸಿಗಬಹುದು ಎಂದು ಒಬ್ಬ ರೈತ ಯೋಚಿಸುವುದರಲ್ಲಿ ತಪ್ಪೇನಿದೆ? ಅವನ ಮಟ್ಟಿಗೆ ಅದು ಸರಿಯಾದ ಲೆಕ್ಕ. ಪಕ್ಕದವನೂ ಅದೇ ಲೆಕ್ಕ ಹಾಕುತ್ತಾನೆ. ಅವನು ಇನ್ನೂರು ಅಡಿ ಹೆಚ್ಚು ಕೊರೆಸುತ್ತಾನೆ. ಎಲ್ಲರೂ ಸೇರಿ ಒಂದೇ ಲೋಟಕ್ಕೆ ಕೊಳವೆ ಹಾಕಿ ಹೀರಿದಂತೆ. ಕೊನೆಗೆ ಎಲ್ಲರ ತೋಟವೂ ಒಣಗುತ್ತದೆ, ಎಲ್ಲರ ಮೇಲೂ ಕೊರೆಸಿದ ಸಾಲ ಉಳಿಯುತ್ತದೆ. ಜಿಲ್ಲೆಯಲ್ಲಿ ಅಂತರ್ಜಲದ ಅತಿಬಳಕೆಯಾಗಿದೆ ಎಂದು ಸರ್ಕಾರದ ಅಂದಾಜುಗಳು ಹಲವು ವರ್ಷಗಳಿಂದ ಹೇಳುತ್ತಲೇ ಬಂದಿವೆ.

ಈ ಸೀಮೆಗೆ ನೀರಿನ ಬೆಲೆ ಗೊತ್ತಿಲ್ಲ ಎನ್ನುವಂತಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ತುಂಬಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಮೂರು ತಲೆಮಾರು ಕಾದ ನೀರು ಅದು. ಮಾಡದಕೆರೆ, ಹೊಳಲ್ಕೆರೆ ಎಂದು ಊರಿನ ಹೆಸರುಗಳಲ್ಲೇ ಕೆರೆ ಇರುವ ನಾಡಿದು. ಕೆರೆ ಎಂಬುದು ಒಬ್ಬನ ವಿವೇಕದಿಂದ ಆಗುವಂಥದ್ದಲ್ಲ. ಅದನ್ನು ಊರು ಕಟ್ಟಬೇಕು, ಊರು ಹೂಳೆತ್ತಬೇಕು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳಲು ನೀರಗಂಟಿ ಇರಬೇಕು. ಜಗತ್ತಿನ ಬೇರೆ ಬೇರೆ ಕಡೆ ಜನ ನೀರು, ಕಾಡು, ಮೀನುಗಾರಿಕೆಗಳನ್ನು ತಾವೇ ನಿಯಮ ಮಾಡಿಕೊಂಡು ಹೇಗೆ ಉಳಿಸಿಕೊಂಡಿದ್ದಾರೆ ಎಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ನೀರಗಂಟಿಗೆ ಆ ಹೆಸರು ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು.

ವ್ಯಾಪಾರದಲ್ಲೂ ಇಂಥ ಕೆರೆಗಳಿವೆ. ಪೇಟೆಯ ಹೆಸರು ಒಂದು ಕೆರೆ. ನಾಲ್ಕು ಮಂದಿ ತೂಕದಲ್ಲಿ ಮೋಸ ಮಾಡಿದರೆ ಇಡೀ ಪೇಟೆಗೆ ಹೆಸರು ಕೆಡುತ್ತದೆ. ಪರಸ್ಪರ ನಂಬಿಕೆ ಇನ್ನೊಂದು ಕೆರೆ. ಉದ್ರಿ ತೆಗೆದುಕೊಂಡವನು ತೀರಿಸದಿದ್ದರೆ ಮುಂದಿನ ಪ್ರಾಮಾಣಿಕನಿಗೂ ಉದ್ರಿ ಸಿಗುವುದಿಲ್ಲ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದಾಗ ಅದರ ಹಿಂದಿದ್ದ ಯೋಚನೆಯೂ ಇಂಥದ್ದೇ. ಒಬ್ಬೊಬ್ಬನೇ ಸಾಹುಕಾರನ ಮುಂದೆ ನಿಂತರೆ ಕೈಚಾಚಬೇಕು, ಹತ್ತು ಮಂದಿ ಸೇರಿದರೆ ತಮಗೆ ತಾವೇ ಸಾಹುಕಾರರು. ಅಟ್ಟದ ಕೊಬ್ಬರಿ ಇಟ್ಟುಕೊಂಡು ಕಾಯಲಾಗದ ರೈತನಿಗೆ ಬೇಕಾದದ್ದು ಬುದ್ಧಿವಾದವಲ್ಲ. ಸರಕಿನ ಮೇಲೆ ಹೊರೆಯಾಗದ ಮುಂಗಡ ಕೊಟ್ಟು ಆರು ತಿಂಗಳು ಉಸಿರಾಡಲು ಬಿಡುವ ಒಂದು ಸಂಘ ಅವನಿಗೆ ಬೇಕು.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಸಾಮಾನ್ಯ ವಿವೇಕವನ್ನು ಬಳಸುವುದು ಹೇಗೆ? ಇದಕ್ಕೆ ಸೂತ್ರಗಳಿಲ್ಲ. ಆದರೆ ಮೇಲಿನ ಉದಾಹರಣೆಗಳಿಂದ ಕೆಲವು ಪ್ರಶ್ನೆಗಳು ಹೊರಡುತ್ತವೆ. ಏನು ನಡೆಯುತ್ತಿದೆ ಎಂದು ನಾವೇ ಹೋಗಿ ನೋಡಿದ್ದೇವೆಯೇ ಅಥವಾ ಕುಳಿತಲ್ಲಿಂದಲೇ ಕಾರಣ ಹುಡುಕುತ್ತಿದ್ದೇವೆಯೇ? ದಿನವೂ ಅದನ್ನು ನೋಡುತ್ತಿರುವವರನ್ನು ಕೇಳಿದ್ದೇವೆಯೇ? ನಮ್ಮಲ್ಲಿ ಕೆಡಿಸಬಾರದ ವಸ್ತು ಯಾವುದು, ಬಿಟ್ಟುಕೊಡಬಹುದಾದದ್ದು ಯಾವುದು? ಒದ್ದೆ ಧಾನ್ಯವನ್ನು ಎಲ್ಲಿ ಬಚ್ಚಿಟ್ಟಿದ್ದೇವೆ? ನಾವು ಮಾಡುವುದನ್ನೇ ಊರಿನವರೆಲ್ಲ ಮಾಡಿದರೆ ಏನಾದೀತು?

ಈ ಐದರಲ್ಲಿ ಒಂದಕ್ಕೂ ಕಾಲೇಜಿನ ಪದವಿ ಬೇಕಾಗಿಲ್ಲ. ಆದರೆ ಪ್ರತಿಯೊಂದಕ್ಕೂ ಸ್ವಲ್ಪ ಸೋಲು ಒಪ್ಪಿಕೊಳ್ಳುವ ಗುಣ ಬೇಕು. ಹೋಗಿ ನೋಡಲು ಸೋಮಾರಿತನ ಬಿಡಬೇಕು. ಕೆಳಗಿನವನನ್ನು ಕೇಳಲು ಅಹಂಕಾರ ಬಿಡಬೇಕು. ಬಚ್ಚಿಟ್ಟದ್ದನ್ನು ತೆಗೆಯಲು ಭಯ ಬಿಡಬೇಕು. ಊರಿನ ಲೆಕ್ಕ ಹಾಕಲು ಲೋಭ ಬಿಡಬೇಕು. ಹಾಗಾಗಿಯೇ ಸಾಮಾನ್ಯ ವಿವೇಕ ಅಪರೂಪವಾಗಿದೆ. ಅದು ತಲೆಯಲ್ಲಿ ಇಲ್ಲವೆಂದಲ್ಲ, ಅದರ ಬಾಗಿಲಿಗೆ ನಾವೇ ಅಡ್ಡ ನಿಂತಿದ್ದೇವೆ.

ಚಿತ್ರದುರ್ಗದ ಕೋಟೆಯನ್ನು ನೋಡಿದವರು ಅಲ್ಲಿನ ಹೊಂಡಗಳನ್ನೂ ನೋಡಿರುತ್ತಾರೆ. ಬಂಡೆಯ ಮೇಲೆ ಬಿದ್ದ ಮಳೆ ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಸೇರುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೇಲಿನ ಹೊಂಡಕ್ಕೆ ತನ್ನ ಪಾಲು ಸಿಕ್ಕೇ ಸಿಗುತ್ತದೆ, ಆದರೆ ಅದು ಎಲ್ಲವನ್ನೂ ತಡೆದಿಟ್ಟುಕೊಳ್ಳುವುದಿಲ್ಲ. ಕಟ್ಟಿದವರು ಯಾವ ತತ್ವವನ್ನೂ ಕಲ್ಲಿನಲ್ಲಿ ಬರೆದಿಡಲಿಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ, ಕೆಳಗೆಯೂ ಜನ ಇದ್ದಾರೆ ಎಂಬ ಎರಡು ಸಂಗತಿಗಳನ್ನು ಅವರು ಮರೆಯಲಿಲ್ಲ, ಅಷ್ಟೆ.

ಆ ದಿನಸಿ ಅಂಗಡಿಯ ಮುಂದೆ ಈಗಲೂ ಆ ಎರಡು ಕಲ್ಲುಚಪ್ಪಡಿಗಳಿವೆ. ಮೂಟೆ ಹೊರುತ್ತಿದ್ದ ಹಿರಿಯರಿಗೆ ವಯಸ್ಸಾಗಿದೆ, ಈಗ ಅವರು ಕೆಲಸಕ್ಕೆ ಬರುವುದಿಲ್ಲ. ಸಾಮಾನು ಒಯ್ಯಲು ಬರುತ್ತಾರೆ. ಅದೇ ಮೆಟ್ಟಿಲನ್ನು ಕೈ ಊರಿಕೊಂಡು ಹತ್ತುತ್ತಾರೆ. ಮಾಲೀಕರು ಎದ್ದು ಅವರಿಗೆ ಕುರ್ಚಿ ಕೊಡುವುದನ್ನು ನಾವು ನೋಡಿದ್ದೇವೆ. ವ್ಯಾಪಾರ ಹೇಗಿದೆ ಎಂದು ಅವರು ಕೇಳುತ್ತಾರೆ. ಈಗ ಅವರ ಅಭಿಪ್ರಾಯವನ್ನೂ ಕೇಳುತ್ತಾರೆ.